ಸುಂಕದಕಟ್ಟೆಯ ಸರ್ಕಾರ: ಗಿನಿ-ಬಿಸ್ಸೌ ಮತ್ತು ಅದರ ಗೇರು ಬೀಜ

2025ರ ನವೆಂಬರ್ 26, ಬುಧವಾರ. ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಮರುದಿನ ಹೊರಬೀಳಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮ ಆಫ್ರಿಕಾದ ಗಿನಿ-ಬಿಸ್ಸೌ ದೇಶದ ರಾಜಧಾನಿ ಬಿಸ್ಸೌ ನಗರದಲ್ಲಿ ಅಧ್ಯಕ್ಷರ ಅರಮನೆಯ ಸುತ್ತಮುತ್ತ ಗುಂಡಿನ ಸದ್ದು ಕೇಳಿಸಿತು. ಅಂದೇ ಸಮವಸ್ತ್ರದ ಅಧಿಕಾರಿಗಳು ಟಿ.ವಿ.ಯಲ್ಲಿ ಕಾಣಿಸಿಕೊಂಡು, ಆಡಳಿತ ಇನ್ನು ತಮ್ಮ ಕೈಯಲ್ಲಿದೆ, ಚುನಾವಣಾ ಪ್ರಕ್ರಿಯೆ ನಿಂತಿದೆ, ಗಡಿಗಳು ಮುಚ್ಚಿವೆ ಎಂದು ಓದಿ ಹೇಳಿದರು. ಮರುದಿನ ಫಲಿತಾಂಶದ ಬದಲು ಪ್ರಮಾಣವಚನ ನಡೆಯಿತು. ಜನರಲ್ ಹೊರ್ತಾ ಎನ್‌ತಾಮ್ ಒಂದು ವರ್ಷದ ಅವಧಿಗೆ ಮಧ್ಯಂತರ ಅಧ್ಯಕ್ಷರಾದರು.

ನಮ್ಮಲ್ಲಿ ಇದು ವಿದೇಶ ಪುಟದ ಮೂಲೆಯ ಸುದ್ದಿ. ಆಫ್ರಿಕಾದಲ್ಲಿ ಸೇನೆ ಅಧಿಕಾರ ಹಿಡಿಯಿತು ಎಂದಾಗ ಯಾವ ದೇಶದಲ್ಲಿ ಎಂದು ಕೇಳುವ ತಾಳ್ಮೆಯೂ ನಮಗಿರುವುದಿಲ್ಲ. ಗಿನಿ, ಈಕ್ವಟೋರಿಯಲ್ ಗಿನಿ, ಪಪುವಾ ನ್ಯೂಗಿನಿಗಳ ನಡುವೆ ಗಿನಿ-ಬಿಸ್ಸೌ ಕಳೆದೇ ಹೋಗುತ್ತದೆ. ಆದರೆ ಕಾರ್ಕಳ, ಕುಂದಾಪುರ, ಪುತ್ತೂರು ಕಡೆ ಗೇರು ಬೀಜದ ಕಾರ್ಖಾನೆ ನಡೆಸುವವರಿಗೆ ಈ ಹೆಸರು ಹೊಸದಲ್ಲ. ಊರಿನ ಬೆಳೆ ವರ್ಷದ ಕೆಲವು ತಿಂಗಳಿಗಷ್ಟೇ ಸಾಲುತ್ತದೆ. ಉಳಿದ ತಿಂಗಳುಗಳಲ್ಲಿ ಕಾರ್ಖಾನೆಯ ಒಲೆ ಉರಿಯಬೇಕಾದರೆ ಕಚ್ಚಾ ಬೀಜ ಹಡಗಿನಲ್ಲಿ ಬರಬೇಕು, ಅದರಲ್ಲಿ ದೊಡ್ಡ ಪಾಲು ಬರುವುದು ಪಶ್ಚಿಮ ಆಫ್ರಿಕಾದಿಂದ. ಹಬ್ಬದ ಪಾಯಸಕ್ಕೆ ತುಪ್ಪದಲ್ಲಿ ಹುರಿದು ಹಾಕಿದ ಗೋಡಂಬಿ ನಮ್ಮ ಕರಾವಳಿಯದೇ ಎಂದು ಯಾರೂ ಆಣೆ ಮಾಡಿ ಹೇಳಲಾರರು.

ಈ ದೇಶದಲ್ಲಿ ಸರ್ಕಾರಗಳು ಯಾಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ‘ಬುಡಕಟ್ಟುಗಳ ಜಗಳ’, ‘ಬಡತನ’ ಎಂಬ ಸಿದ್ಧ ಉತ್ತರಗಳಿವೆ. ನನಗೆ ಅವು ಸಾಲವು. ಉತ್ತರದ ಅರ್ಧ ಗೇರು ಮರದ ಬುಡದಲ್ಲಿದೆ, ಇನ್ನರ್ಧ ಬಂದರಿನ ಗೇಟಿನಲ್ಲಿದೆ.

ಮೊದಲು ನೆಲ ನೋಡೋಣ. ಉತ್ತರಕ್ಕೆ ಸೆನೆಗಲ್, ಪೂರ್ವ ಮತ್ತು ದಕ್ಷಿಣಕ್ಕೆ ಗಿನಿ, ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ. ವಿಸ್ತೀರ್ಣ 36,125 ಚದರ ಕಿಲೋಮೀಟರ್, ಅಂದರೆ ಕೇರಳಕ್ಕಿಂತ ತುಸು ಚಿಕ್ಕದು. ಜನಸಂಖ್ಯೆ ಸುಮಾರು 22 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಹತ್ತಿರಹತ್ತಿರ 21 ಲಕ್ಷ ಮಂದಿ ಇದ್ದರು. ಬೆಟ್ಟವೆಂಬುದು ಹೆಸರಿಗೆ ಮಾತ್ರ. ಗೆಬಾ, ಕಶೆಉ, ಕೊರುಬಾಲ್ ನದಿಗಳ ಮೂಲಕ ಸಮುದ್ರದ ಭರತ ಬಹಳ ಒಳನಾಡಿನವರೆಗೆ ನುಗ್ಗುತ್ತದೆ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎನ್ನುವುದು ದಿನಕ್ಕೆರಡು ಸಲ ಬದಲಾಗುವ ನಾಡು ಇದು. ಕರಾವಳಿಯುದ್ದಕ್ಕೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಅದರಾಚೆ ಸಮುದ್ರದಲ್ಲಿ ಚದುರಿದ ಬಿಜಗೋಸ್ ದ್ವೀಪಗಳು, ಒಟ್ಟು 88. ಜನವಸತಿ ಇರುವುದು ಇಪ್ಪತ್ತರ ಆಸುಪಾಸು. 2025ರ ಜುಲೈಯಲ್ಲಿ ಯುನೆಸ್ಕೊ ಈ ದ್ವೀಪಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒರಾಂಗೊ ದ್ವೀಪದಲ್ಲಿ ನೀರಾನೆಗಳು ಉಪ್ಪುನೀರಿನಲ್ಲೂ ಈಜುತ್ತವೆ, ಪುಯಿಲಾವ್ ಎಂಬ ಪುಟ್ಟ ದ್ವೀಪಕ್ಕೆ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಸಾವಿರಗಟ್ಟಲೆ ಬರುತ್ತವೆ.

ಜನರಲ್ಲಿ ಫುಲಾ, ಬಲಾಂಟಾ, ಮಂಡಿಂಗಾ, ಪಪೆಲ್, ಮಂಜಾಕೊ ಹೀಗೆ ಹತ್ತಾರು ಸಮುದಾಯಗಳು. ಕಚೇರಿಯ ಭಾಷೆ ಪೋರ್ಚುಗೀಸ್. ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಕೇಳಿಸುವುದು ಪೋರ್ಚುಗೀಸ್ ಮತ್ತು ಊರಿನ ಭಾಷೆಗಳು ಬೆರೆತು ಹುಟ್ಟಿದ ಕ್ರಿಯೋಲ್. ಯಾರಿಗೂ ಪೂರ್ತಿ ಸ್ವಂತದ್ದಲ್ಲದ ಈ ಭಾಷೆ ಎಲ್ಲರನ್ನೂ ಕೂಡಿಸಿದೆ. ಸಮುದಾಯಗಳ ನಡುವೆ ಇಲ್ಲಿ ದೊಡ್ಡ ರಕ್ತಪಾತ ನಡೆದದ್ದಿಲ್ಲ. ‘ಬುಡಕಟ್ಟು ಜಗಳ’ ಎಂಬ ಉತ್ತರ ನನಗೆ ಒಪ್ಪಿಗೆಯಾಗದಿರುವುದಕ್ಕೆ ಇದೂ ಒಂದು ಕಾರಣ.

ಬಲಾಂಟಾ ರೈತರ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಕಾಂಡ್ಲಾ ಕಾಡಿನ ಅಂಚಿನಲ್ಲಿ ಕೆಸರಿನ ದಂಡೆ ಕಟ್ಟಿ, ಸಮುದ್ರದ ಉಪ್ಪುನೀರನ್ನು ಹೊರಗೆ ತಡೆದು, ಮಳೆನೀರಿನಿಂದ ಮಣ್ಣಿನ ಉಪ್ಪನ್ನು ತೊಳೆದು ಅವರು ಭತ್ತ ಬೆಳೆಯುತ್ತಾರೆ. ಇಂಥ ಗದ್ದೆಗೆ ಅಲ್ಲಿ ‘ಬೊಲಾನ್ಯಾ’ ಎನ್ನುತ್ತಾರೆ. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರಿನ ಗಜನಿ ಭೂಮಿಯನ್ನೂ ಅಲ್ಲಿ ಬೆಳೆಯುವ ಕಗ್ಗ ಭತ್ತವನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ದ ಹಿಡಿಯ ಮರದ ಸಲಿಕೆ, ಅದರ ತುದಿಗೆ ಕಬ್ಬಿಣದ ಅಂಚು. ಆ ಒಂದು ಸಲಿಕೆಯಿಂದ ಹದಿಹರೆಯದ ಹುಡುಗರ ತಂಡ ಜೇಡಿಮಣ್ಣನ್ನು ಹೆಂಟೆಹೆಂಟೆಯಾಗಿ ಎತ್ತಿ ಮಗುಚುತ್ತದೆ. ದಂಡೆ ಒಂದು ಕಡೆ ಒಡೆದರೂ ಉಪ್ಪು ಒಳಗೆ ಬಂದು ವರ್ಷಗಳ ಶ್ರಮ ನೀರುಪಾಲು. ಹಾಗಾಗಿ ಈ ಕೃಷಿಗೆ ಬೇಕಾದದ್ದು ಒಗ್ಗಟ್ಟಿನ ಊರು ಮತ್ತು ದುಡಿಯುವ ಯುವಕರು. ಗೇರು ಬಂದು ಕೆಡಿಸಿದ್ದು ಇದನ್ನೇ.

ಗೇರಿನ ಕಥೆ ನಮಗೂ ಅವರಿಗೂ ಒಂದೇ ಹಡಗಿನಲ್ಲಿ ಬಂದದ್ದು. ಬ್ರೆಜಿಲ್ ಮೂಲದ ಈ ಮರವನ್ನು ಗೋವೆಗೆ ತಂದ ಪೋರ್ಚುಗೀಸರೇ ಪಶ್ಚಿಮ ಆಫ್ರಿಕಾದ ತಮ್ಮ ವಸಾಹತಿಗೂ ಒಯ್ದರು. ಕೊಂಕಣಿಯವರು ಹೇಳುವ ‘ಕಾಜು’, ಬಿಸ್ಸೌನ ಕ್ರಿಯೋಲಿನವರು ಹೇಳುವ ‘ಕಾಜು’ ಎರಡೂ ಒಂದೇ ಪದದ ಮಕ್ಕಳು. ಆದರೆ ವಸಾಹತಿನ ಕಾಲದಲ್ಲಿ ಬಿಸ್ಸೌನ ಮುಖ್ಯ ರಫ್ತು ಗೇರು ಆಗಿರಲಿಲ್ಲ, ಶೇಂಗಾ ಆಗಿತ್ತು. 1953ರಲ್ಲಿ ಆ ದೇಶದ ಮೊದಲ ಕೃಷಿ ಗಣತಿ ನಡೆಸಿದ ಯುವ ಕೃಷಿ ಎಂಜಿನಿಯರ್ ಒಬ್ಬರು ಊರೂರು ತಿರುಗಿ ಗದ್ದೆ, ಬೆಳೆ, ದನ ಎಲ್ಲವನ್ನೂ ಲೆಕ್ಕ ಹಾಕಿದರು. ಹೊರಗಿನವರಿಗಾಗಿ ಒಂದೇ ಬೆಳೆಗೆ ಜೋತುಬಿದ್ದರೆ ಮಣ್ಣೂ ಹಾಳು, ಊಟವೂ ಹಾಳು ಎಂಬುದು ಅವರಿಗೆ ಆಗಲೇ ಕಂಡಿತ್ತು. ಅವರ ಹೆಸರು ಅಮಿಲ್ಕರ್ ಕಬ್ರಾಲ್. ಮೂರು ವರ್ಷಗಳ ಬಳಿಕ, 1956ರಲ್ಲಿ, ಗಿನಿ ಮತ್ತು ಕೇಪ್ ವರ್ಡೆಯ ಸ್ವಾತಂತ್ರ್ಯಕ್ಕಾಗಿ ಅವರು ಕಟ್ಟಿದ ಪಕ್ಷವೇ ಪಿಎಐಜಿಸಿ. 1959ರ ಆಗಸ್ಟ್ 3ರಂದು ಬಿಸ್ಸೌನ ಪಿಜಿಗಿಟಿ ಹಡಗುಕಟ್ಟೆಯಲ್ಲಿ ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಗುಂಡು ಹಾರಿದಾಗ ಮನವಿ ಪತ್ರಗಳ ಕಾಲ ಮುಗಿಯಿತು. 1963ರಲ್ಲಿ ಸಶಸ್ತ್ರ ಹೋರಾಟ ಶುರುವಾಯಿತು. 1973ರ ಜನವರಿ 20ರಂದು ಕಬ್ರಾಲ್ ನೆರೆಯ ಗಿನಿಯ ರಾಜಧಾನಿ ಕೊನಾಕ್ರಿಯಲ್ಲಿ ಕೊಲೆಯಾದರು. ಅದೇ ಸೆಪ್ಟೆಂಬರ್ 24ರಂದು ಬೊಯೆ ಪ್ರದೇಶದ ಕಾಡಿನಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು, ಪೋರ್ಚುಗಲ್ ಒಪ್ಪಿಕೊಂಡದ್ದು 1974ರಲ್ಲಿ.

ಕಬ್ರಾಲ್ ಅವರ ಸಮಾಧಿ ಇರುವುದು ಬಿಸ್ಸೌನ ಅಮುರಾ ಕೋಟೆಯೊಳಗೆ. ಅದೇ ಕೋಟೆ ಸೇನೆಯ ಪ್ರಧಾನ ಕಚೇರಿಯೂ ಹೌದು. ರಾಷ್ಟ್ರಪಿತನಿಗೆ ಹೂವು ಇಡಬೇಕಾದರೂ ಸೈನಿಕರ ಪಹರೆ ದಾಟಿ ಹೋಗಬೇಕು.

ಸ್ವಾತಂತ್ರ್ಯದ ಬಳಿಕ ದೇಶ ಹಿಡಿದದ್ದು ಕಬ್ರಾಲ್ ಅಂಜಿದ್ದ ದಾರಿಯನ್ನೇ. 1980ರ ದಶಕದಲ್ಲಿ ವ್ಯಾಪಾರ ಮುಕ್ತವಾಗುತ್ತಿದ್ದಂತೆ ಶೇಂಗಾದ ಜಾಗಕ್ಕೆ ಗೇರು ಬಂತು. ರೈತರ ಲೆಕ್ಕದಲ್ಲಿ ಇದು ತಪ್ಪು ನಿರ್ಧಾರವಾಗಿರಲಿಲ್ಲ. ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾದರೆ ಸಾಕು, ದಂಡೆ ಕಟ್ಟುವ ಕೆಲಸವಿಲ್ಲ, ಗೊಬ್ಬರದ ಖರ್ಚಿಲ್ಲ, ಮನೆಯ ಹುಡುಗರು ಪಟ್ಟಣಕ್ಕೆ ಹೋದರೂ ಮರ ಕಾಯಿ ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೇರು ನೆಟ್ಟವನದು ಆ ಜಾಗ ಎಂದು ಊರು ಒಪ್ಪುತ್ತದೆ. ಹೀಗೆ ಬೊಲಾನ್ಯಾ ಪಾಳು ಬಿದ್ದಷ್ಟೂ ಗುಡ್ಡದ ಮೇಲೆ ಗೇರು ಹಬ್ಬಿತು. ಇವತ್ತು ದೇಶದ ರಫ್ತು ಗಳಿಕೆಯ ಶೇ 90ರಷ್ಟು ಈ ಒಂದು ಬೀಜದಿಂದ. ಬೆಳೆ ವರ್ಷಕ್ಕೆ ಸುಮಾರು 2 ಲಕ್ಷ ಟನ್. ಬಹುಪಾಲು ಸುಲಿಯದೆ, ಹಾಗೆಯೇ ಚೀಲದಲ್ಲಿ ತುಂಬಿ ಭಾರತಕ್ಕೂ ವಿಯೆಟ್ನಾಂಗೂ ಹೋಗುತ್ತದೆ.

ತೋಟದಲ್ಲಿ ನಡೆಯುವ ಕೆಲಸ ನೋಡಿ. ಏಪ್ರಿಲ್‌ನಿಂದ ಜೂನ್‌ವರೆಗೆ ಹಂಗಾಮು. ಉದುರಿದ ಹಣ್ಣನ್ನು ಹೆಂಗಸರು, ಮಕ್ಕಳು ಹೆಕ್ಕುತ್ತಾರೆ, ಬೀಜವನ್ನು ತಿರುಪಿ ಬೇರ್ಪಡಿಸುತ್ತಾರೆ. ಹಣ್ಣನ್ನು ಹಿಂಡಿ ರಸ ತೆಗೆದು ಹುಳಿ ಬರಿಸಿದರೆ ಅದು ಗೇರಿನ ಮದ್ಯ. ಹಲವು ಕಡೆ ಹೆಕ್ಕಿದ್ದಕ್ಕೆ ಕೂಲಿಯಾಗಿ ಹೆಂಗಸರಿಗೆ ಸಿಗುವುದು ಬೀಜದ ಒಂದು ಪಾಲು ಮತ್ತು ಆ ಹಣ್ಣು. ಗೋವೆಯಲ್ಲಿ ಅದೇ ರಸವನ್ನು ಬಟ್ಟಿ ಇಳಿಸಿ ಫೆನಿ ಮಾಡಿ ಸೀಸೆಗೆ ಚೀಟಿ ಅಂಟಿಸಿದರು, ಬಿಸ್ಸೌನಲ್ಲಿ ಅದು ಊರಿನ ಗಡಿ ದಾಟಿದ್ದು ಕಡಿಮೆ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಹಣ್ಣು ಕೊಳೆತು ಹೋಗುವುದೇ ಹೆಚ್ಚು, ಆದ್ದರಿಂದ ಅವರನ್ನು ಅಣಕಿಸುವ ಹಕ್ಕು ನಮಗಿಲ್ಲ.

ಬೀಜ ಊರಿನ ಅಂಗಡಿಗೆ ಬರುತ್ತದೆ. ಅಲ್ಲಿ ಬಹುಕಾಲದಿಂದ ನಡೆದು ಬಂದದ್ದು ವಿನಿಮಯ: ಬೀಜ ಕೊಡು, ಅಕ್ಕಿ ಒಯ್ಯಿ. ಒಳ್ಳೆಯ ವರ್ಷದಲ್ಲಿ ಕಿಲೋ ಬೀಜಕ್ಕೆ ಕಿಲೋ ಅಕ್ಕಿ, ಕೆಟ್ಟ ವರ್ಷದಲ್ಲಿ ಎರಡು ಕಿಲೋ ಬೀಜಕ್ಕೆ ಒಂದು ಕಿಲೋ. ಹಿಂದೆ ತನ್ನ ಗದ್ದೆಯ ಅನ್ನ ಉಣ್ಣುತ್ತಿದ್ದವನು ಈಗ ಬೀಜ ಕೊಟ್ಟು ಏಷ್ಯಾದ ನುಚ್ಚಕ್ಕಿ ಕೊಳ್ಳುತ್ತಾನೆ. 2022ರಲ್ಲಿ ಭಾರತ ನುಚ್ಚಕ್ಕಿಯ ರಫ್ತನ್ನು, 2023ರಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಪಶ್ಚಿಮ ಆಫ್ರಿಕಾದ ಅಡುಗೆಮನೆಗಳಿಗೆ ಅದರ ಬಿಸಿ ತಟ್ಟಿದ್ದು ಹೀಗೆ. ದೆಹಲಿಯ ಒಂದು ಅಧಿಸೂಚನೆ ಬಿಸ್ಸೌನ ಹಳ್ಳಿಯ ರೈತನನ್ನು ಆ ಊರಿನ ಸರ್ಕಾರಕ್ಕಿಂತ ಹತ್ತಿರದಿಂದ ಮುಟ್ಟಬಲ್ಲದು.

ನಂತರ ಬರುವುದು ದೊಡ್ಡ ವ್ಯಾಪಾರಿಯ ಪರೀಕ್ಷೆ. ರಾಶಿಯ ಬೇರೆ ಬೇರೆ ಚೀಲಗಳಿಂದ ಒಂದಷ್ಟು ಬೀಜ ತೆಗೆದು, ಒಂದು ಕಿಲೋಗೆ ಎಷ್ಟು ಬೀಜ ನಿಲ್ಲುತ್ತದೆ ಎಂದು ಎಣಿಸುತ್ತಾರೆ. ಬಳಿಕ ಒಂದೊಂದನ್ನೂ ಉದ್ದಕ್ಕೆ ಸೀಳಿ ಸಾಲಾಗಿ ಇಡುತ್ತಾರೆ. ಬಿಳಿ ತಿರುಳು ಒಂದು ಕಡೆ, ಕಲೆ ಬಿದ್ದದ್ದು ಇನ್ನೊಂದು ಕಡೆ, ಸುಕ್ಕಿದ್ದು, ಹುಳ ಹಿಡಿದದ್ದು, ಎಣ್ಣೆ ಕಾರಿದ್ದು ಮತ್ತೊಂದು ಕಡೆ. 80 ಕಿಲೋ ಚೀಲದಿಂದ ಎಷ್ಟು ಪೌಂಡ್ ತಿರುಳು ಸಿಕ್ಕೀತು ಎಂಬ ಸಂಖ್ಯೆಯ ಮೇಲೆ ವ್ಯಾಪಾರ ನಿಲ್ಲುತ್ತದೆ. ಕಿಲೋ ಮತ್ತು ಪೌಂಡನ್ನು ಒಂದೇ ಲೆಕ್ಕದಲ್ಲಿ ಬೆರೆಸಿದ ವಿಚಿತ್ರ ಅಳತೆ, ಆದರೆ ಮಂಗಳೂರಿನಿಂದ ಹೋ ಚಿ ಮಿನ್ ನಗರದವರೆಗೆ ನಡೆಯುವುದು ಅದೇ. ಬಿಸ್ಸೌ ಬೀಜ ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗುತ್ತದೆ, 50 ಪೌಂಡ್ ದಾಟುವುದು ಅದಕ್ಕೆ ಸಾಮಾನ್ಯ. ಗುಣ ಒಳ್ಳೆಯದು. ಆದರೂ ಬೆಲೆ ಕಟ್ಟುವವನು ಚಾಕು ಹಿಡಿದವನು, ಮರ ನೆಟ್ಟವನಲ್ಲ.

ಹಾಗಾದರೆ ಸರ್ಕಾರ ಏನು ಮಾಡುತ್ತದೆ? ಪ್ರತಿ ವರ್ಷ ಹಂಗಾಮಿಗೆ ಮುನ್ನ ಒಂದು ಆಧಾರ ಬೆಲೆ ಘೋಷಿಸುತ್ತದೆ. 2018ರಲ್ಲಿ ಆಗಿನ ಅಧ್ಯಕ್ಷ ಜೋಸೆ ಮಾರಿಯೊ ವಾಝ್ ಕಿಲೋಗೆ 1,000 ಸೆಫಾ ಫ್ರಾಂಕ್ ಎಂದು ಸಾರಿದರು, ಅಂದರೆ ಸುಮಾರು ಒಂದೂವರೆ ಯೂರೊ. ಮುಂದಿನ ವರ್ಷ ಚುನಾವಣೆ ಇತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಚಪ್ಪಾಳೆ ಬಿತ್ತು, ಕೊಳ್ಳುವವರು ಕೈಕಟ್ಟಿ ಕುಳಿತರು, ಬೀಜ ಮನೆಯಂಗಳದಲ್ಲೇ ಉಳಿಯಿತು. ಘೋಷಿಸುವುದು ಸುಲಭ. ಆ ಬೆಲೆಗೆ ಕೊಳ್ಳುವ ದುಡ್ಡು, ಗೋದಾಮು, ಮಂಡಳಿ ಯಾವುದೂ ಸರ್ಕಾರದ ಬಳಿ ಇಲ್ಲ. ನಮ್ಮಲ್ಲಿ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯಲು ತಡವಾದಾಗ ಆಗುವ ಸಂಕಟ ಗೊತ್ತಿದ್ದವರು ಖರೀದಿ ಕೇಂದ್ರವೇ ಇಲ್ಲದ ಬೆಂಬಲ ಬೆಲೆಯನ್ನು ಊಹಿಸಿಕೊಳ್ಳಬಹುದು. ಬೆಲೆ ಸರಿ ಬರದಿದ್ದರೆ ಬೀಜ ರಾತ್ರೋರಾತ್ರಿ ಗಡಿ ದಾಟಿ ಸೆನೆಗಲ್‌ನ ಜಿಗಿಂಶೋರ್ ಸೇರುತ್ತದೆ.

ಸರ್ಕಾರದ ಕೈಗೆ ನಿಜವಾಗಿ ಸಿಗುವುದು ಬಂದರಿನಲ್ಲಿ. ರಫ್ತು ಸುಂಕ, ಪರವಾನಗಿ, ತೂಕದ ಚೀಟಿ, ಮುದ್ರೆ. ಇದಕ್ಕೆ ಮೀನುಗಾರಿಕೆ ಪರವಾನಗಿಯನ್ನು ಸೇರಿಸಿ: ತನ್ನ ಸಮುದ್ರದಲ್ಲಿ ಬಲೆ ಬೀಸಲು ಐರೋಪ್ಯ ಒಕ್ಕೂಟದ ಹಡಗುಗಳಿಗೆ ಕೊಡುವ ಅನುಮತಿಯೂ ಖಜಾನೆಗೆ ಮುಖ್ಯ ಆದಾಯ. ಜೊತೆಗೆ ಹೊರಗಿನ ನೆರವು. ಫರಿಮ್‌ನ ಫಾಸ್ಫೇಟ್, ಬೊಯೆಯ ಬಾಕ್ಸೈಟ್ ಇನ್ನೂ ಮಾತಿನ ಹಂತ ದಾಟಿ ದೊಡ್ಡ ಆದಾಯವಾಗಿಲ್ಲ. ಒಟ್ಟು ಆರ್ಥಿಕತೆಯ ಗಾತ್ರ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್. ಹಣ ಅಚ್ಚು ಹಾಕುವ ಅಧಿಕಾರವೂ ಸ್ವಂತದ್ದಲ್ಲ. 1997ರಲ್ಲಿ ಪೆಸೊ ಬಿಟ್ಟು, ಪಶ್ಚಿಮ ಆಫ್ರಿಕಾದ ಹಲವು ದೇಶಗಳು ಒಟ್ಟಾಗಿ ಬಳಸುವ ಸೆಫಾ ಫ್ರಾಂಕ್ ವಲಯ ಸೇರಿದ ಮೇಲೆ ಅದು ಸೆನೆಗಲ್‌ನ ಡಕಾರ್‌ನಲ್ಲಿರುವ ಆ ವಲಯದ ಕೇಂದ್ರ ಬ್ಯಾಂಕಿನ ಕೆಲಸ. ಅಂದರೆ ಉತ್ಪಾದನೆಯನ್ನು ಕಟ್ಟದೆ, ದಾಟಿಹೋಗುವುದರ ಮೇಲೆ ಕೈಯಿಟ್ಟು ಬದುಕುವ ಸರ್ಕಾರ ಇದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎಂಬ ನಮ್ಮ ಗಾದೆ ರೈತನ ಕಡೆಯಿಂದ ನೋಡಿದ ಮಾತು. ಸುಂಕದವನ ಕಡೆಯಿಂದ ನೋಡಿದರೆ ಇನ್ನೊಂದು ಕಾಣುತ್ತದೆ: ಕಟ್ಟೆ ಒಂದೇ, ಕೂರಬೇಕೆನ್ನುವವರು ಹತ್ತು ಮಂದಿ.

ಕ್ಷಿಪ್ರಕ್ರಾಂತಿಗಳ ಪಟ್ಟಿಯನ್ನು ಈಗ ಓದಿದರೆ ಅದರ ಅರ್ಥ ಬೇರೆಯಾಗುತ್ತದೆ. 1980ರಲ್ಲಿ ಮೊದಲ ಅಧ್ಯಕ್ಷ, ಅಮಿಲ್ಕರ್ ಅವರ ಮಲತಮ್ಮ ಲೂಯಿಸ್ ಕಬ್ರಾಲ್ ಅವರನ್ನು ಪ್ರಧಾನಿಯಾಗಿದ್ದ ನಿನೊ ವಿಯೆರಾ ಇಳಿಸಿದರು. 1998ರಲ್ಲಿ ಶುರುವಾದ ಅಂತರ್ಯುದ್ಧದ ಕೊನೆಗೆ 1999ರಲ್ಲಿ ವಿಯೆರಾ ಪದಚ್ಯುತರಾದರು. 2003ರಲ್ಲಿ ಪದಚ್ಯುತರಾಗುವ ಸರದಿ ಅಧ್ಯಕ್ಷ ಕುಂಬಾ ಯಾಲಾ ಅವರದು. ವಿಯೆರಾ 2005ರಲ್ಲಿ ಗೆದ್ದು ಮರಳಿದರು. 2009ರ ಮಾರ್ಚ್ 1ರಂದು ಸೇನಾ ಮುಖ್ಯಸ್ಥ ಬಾಂಬ್ ಸ್ಫೋಟದಲ್ಲಿ ಸತ್ತರು, ಕೆಲವೇ ಗಂಟೆಗಳಲ್ಲಿ ಸೈನಿಕರು ವಿಯೆರಾ ಅವರನ್ನು ಕೊಂದರು. 2012ರ ಏಪ್ರಿಲ್ 12ರಂದು ಚುನಾವಣೆಯ ಎರಡು ಸುತ್ತುಗಳ ನಡುವೆ ಮತ್ತೆ ಸೇನೆ. ಚುನಾಯಿತ ಅಧ್ಯಕ್ಷರೊಬ್ಬರು ಐದು ವರ್ಷದ ಅವಧಿ ಪೂರ್ತಿ ಮುಗಿಸಿದ್ದು 2014ರಲ್ಲಿ ಗೆದ್ದ ವಾಝ್ ಅವರ ಕಾಲದಲ್ಲಿ, ಅದೂ ಪ್ರಧಾನಿಗಳನ್ನು ಒಬ್ಬರ ಮೇಲೊಬ್ಬರಂತೆ ಬದಲಿಸುತ್ತ.

ಪ್ರಧಾನಿಗಳ ಈ ಮೆರವಣಿಗೆಗೆ ಸಂವಿಧಾನವೂ ಕಾರಣ. ಪೋರ್ಚುಗಲ್ಲಿನ ಮಾದರಿಯಲ್ಲಿ ಜನರಿಂದ ನೇರವಾಗಿ ಆಯ್ಕೆಯಾದ ಅಧ್ಯಕ್ಷ ಒಬ್ಬ, ಸಂಸತ್ತಿನ ಬಹುಮತದ ಪ್ರಧಾನಿ ಇನ್ನೊಬ್ಬ. ಅಧಿಕಾರದ ಗೆರೆ ಮಸುಕು. ಇಬ್ಬರೂ ಕಿತ್ತಾಡಿದಾಗ ಮೂರನೆಯವರು ಬಂದೂಕಿನೊಂದಿಗೆ ಪಂಚಾಯಿತಿಗೆ ಬರುತ್ತಾರೆ. ಸೇನೆಯೂ ಸಾಮಾನ್ಯ ಸೇನೆಯಲ್ಲ. ಹುಟ್ಟಿದ್ದು ವಿಮೋಚನಾ ಹೋರಾಟದಲ್ಲಿ, ದೇಶವನ್ನು ಬಿಡಿಸಿದವರು ತಾವು ಎಂಬ ಹಕ್ಕಿನ ಭಾವನೆ ಹಳೆಯದು, ಸೈನಿಕರ ಸಂಖ್ಯೆಗೆ ಹೋಲಿಸಿದರೆ ಮೇಲಧಿಕಾರಿಗಳು ವಿಪರೀತ ಹೆಚ್ಚು.

ಗೇಟಿನ ಬೆಲೆಯನ್ನು ಇನ್ನಷ್ಟು ಏರಿಸಿದ್ದು ಕೊಕೇನ್. ದಕ್ಷಿಣ ಅಮೆರಿಕದಿಂದ ಯುರೋಪಿಗೆ ಹೋಗುವ ಸರಕು ಮಧ್ಯೆ ಇಳಿಯಲು ಪಹರೆಯಿಲ್ಲದ ದ್ವೀಪಗಳಿಗಿಂತ ಒಳ್ಳೆಯ ಜಾಗ ಯಾವುದು? 2013ರ ಏಪ್ರಿಲ್‌ನಲ್ಲಿ ಮಾಜಿ ನೌಕಾಪಡೆ ಮುಖ್ಯಸ್ಥ ಬುಬೊ ನಾ ಚುಟೊ ಅವರನ್ನು ಅಮೆರಿಕದ ಅಧಿಕಾರಿಗಳು ಬಲೆ ಬೀಸಿ ಸಮುದ್ರದಲ್ಲೇ ಬಂಧಿಸಿದರು, ನ್ಯೂಯಾರ್ಕಿನಲ್ಲಿ ಅವರು ತಪ್ಪೊಪ್ಪಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ವೆನೆಜುವೆಲಾದಿಂದ ಬಂದ ಒಂದು ಸಣ್ಣ ವಿಮಾನದಲ್ಲಿ ಬಿಸ್ಸೌ ನಿಲ್ದಾಣದಲ್ಲಿ ಸಿಕ್ಕಿದ್ದು 2.63 ಟನ್. ಈ ಮೊತ್ತದ ಮುಂದೆ ಗೇರಿನ ಸುಂಕ ಚಿಲ್ಲರೆ ಕಾಸು.

ಮತ್ತೆ 2025ಕ್ಕೆ ಬರೋಣ. 2020ರಿಂದ ಅಧ್ಯಕ್ಷರಾಗಿದ್ದ ಉಮಾರೊ ಸಿಸ್ಸೊಕೊ ಎಂಬಾಲೊ 2023ರ ಡಿಸೆಂಬರ್‌ನಲ್ಲೇ ಸಂಸತ್ತನ್ನು ವಿಸರ್ಜಿಸಿದ್ದರು. ಕಬ್ರಾಲ್ ಕಟ್ಟಿದ ಪಕ್ಷದ ನಾಯಕ ಡೊಮಿಂಗೊಸ್ ಸಿಮೊಯಿಸ್ ಪೆರೇರಾ ಅವರಿಗೆ ನವೆಂಬರ್ 23ರ ಚುನಾವಣೆಯಲ್ಲಿ ನಿಲ್ಲಲು ಅವಕಾಶ ಸಿಗಲಿಲ್ಲ, ಅವರ ಪಕ್ಷ ಫೆರ್ನಾಂಡೊ ಡಯಾಸ್ ಅವರನ್ನು ಬೆಂಬಲಿಸಿತು. ಎಂಬಾಲೊ, ಡಯಾಸ್ ಇಬ್ಬರೂ ತಾವೇ ಗೆದ್ದೆವು ಎಂದರು. ಅಷ್ಟರಲ್ಲಿ ಕ್ಷಿಪ್ರಕ್ರಾಂತಿ. ವಿಚಿತ್ರವೆಂದರೆ ಪದಚ್ಯುತ ಅಧ್ಯಕ್ಷರೇ ಫ್ರಾನ್ಸಿನ ಮಾಧ್ಯಮಕ್ಕೆ ಫೋನ್ ಮಾಡಿ ತಾವು ಪದಚ್ಯುತರಾದ ಸುದ್ದಿ ತಿಳಿಸಿದರು, ಮರುದಿನ ಸುರಕ್ಷಿತವಾಗಿ ಸೆನೆಗಲ್ ಸೇರಿದರು. ಜೈಲು ಸೇರಿದ್ದು ಪೆರೇರಾ. ಹೊಸ ಪ್ರಧಾನಿಯಾದದ್ದು ಎಂಬಾಲೊ ಅವರ ಹಣಕಾಸು ಸಚಿವ ಇಲಿಡಿಯೊ ವಿಯೆರಾ ಟೆ. ವೀಕ್ಷಕರಾಗಿ ಹೋಗಿ ಸಿಕ್ಕಿಬಿದ್ದಿದ್ದ ನೈಜೀರಿಯಾದ ಮಾಜಿ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಇದನ್ನು ಔಪಚಾರಿಕ ಕ್ರಾಂತಿ ಎಂದು ಕರೆದರು, ಸೆನೆಗಲ್‌ನ ಪ್ರಧಾನಿ ಉಸ್ಮಾನ್ ಸೊಂಕೊ ನಾಟಕ ಎಂದೇ ಹೇಳಿದರು. ಡಿಸೆಂಬರ್ ಮೊದಲ ವಾರದಲ್ಲಿ ಚುನಾವಣಾ ಆಯೋಗ ಕೈಚೆಲ್ಲಿತು. ಶಸ್ತ್ರಧಾರಿಗಳು ಎಣಿಕೆಯ ದಾಖಲೆಗಳನ್ನು ಒಯ್ದಿದ್ದಾರೆ, ಫಲಿತಾಂಶ ಕೊಡಲಾಗದು ಎಂದಿತು. ಆಫ್ರಿಕಾ ಒಕ್ಕೂಟವೂ ಪಶ್ಚಿಮ ಆಫ್ರಿಕಾ ದೇಶಗಳ ಕೂಟವಾದ ಎಕೋವಾಸ್ ಕೂಡ ದೇಶವನ್ನು ಅಮಾನತಿನಲ್ಲಿಟ್ಟವು. ನಾಟಕವೋ ನಿಜವೋ, ಎಣಿಸಿದ ಮತ ಯಾರಿಗೆ ಹೋಗಿತ್ತು ಎಂಬುದು ಜನರಿಗೆ ತಿಳಿಯಲಿಲ್ಲ ಎಂಬುದಂತೂ ನಿಜ.

ಬೀಜವನ್ನು ಅಲ್ಲೇ ಸುಲಿದು ಮಾರಬಾರದೇ ಎಂದು ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಆದರೆ ಕಾರ್ಖಾನೆ ಎಂದರೆ ಮೂರು ತಿಂಗಳಲ್ಲಿ ಇಡೀ ವರ್ಷದ ಬೀಜ ಕೊಂಡಿಡುವ ಬಂಡವಾಳ, ಅದಕ್ಕೆ ಕೈಗೆಟಕುವ ಬಡ್ಡಿ, ಸಿಪ್ಪೆಯ ಎಣ್ಣೆ ಚರ್ಮ ಸುಡದಂತೆ ಕೆಲಸ ಮಾಡಬಲ್ಲ ಪಳಗಿದ ಕೈಗಳು ಮತ್ತು ಕರೆಂಟು. ಬಿಸ್ಸೌ ನಗರಕ್ಕೆ ಕರೆಂಟು ಬರುತ್ತಿದ್ದದ್ದು ಬಂದರಿನಲ್ಲಿ ಲಂಗರು ಹಾಕಿದ ತುರ್ಕಿಯ ಕಂಪನಿಯೊಂದರ ತೇಲುವ ವಿದ್ಯುತ್ ಸ್ಥಾವರದಿಂದ. 2023ರ ಅಕ್ಟೋಬರ್‌ನಲ್ಲಿ ಬಿಲ್ ಬಾಕಿ ಉಳಿದದ್ದಕ್ಕೆ ಹಡಗಿನವರು ಸ್ವಿಚ್ ಆರಿಸಿದರು, ರಾಜಧಾನಿ ಕತ್ತಲಾಯಿತು. ಇಂಥ ಊರಿನಲ್ಲಿ ಬಾಯ್ಲರ್ ಹಾಕುವ ಧೈರ್ಯ ಯಾರಿಗೆ? ಐವರಿ ಕೋಸ್ಟ್ ವರ್ಷಗಟ್ಟಲೆ ಸಹಾಯಧನ ಕೊಟ್ಟು ಕಾರ್ಖಾನೆಗಳನ್ನು ಬೆಳೆಸಿತು. ಬೆನಿನ್ 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿತು. ಇವೆರಡಕ್ಕೂ ಬೇಕಾದದ್ದು ಹತ್ತು ವರ್ಷ ಒಂದೇ ಮಾತಿಗೆ ನಿಲ್ಲುವ ಸರ್ಕಾರ. ಮುಂದಿನ ಹಂಗಾಮಿಗೆ ತಾನಿರುತ್ತೇನೋ ಇಲ್ಲವೋ ಎಂಬ ಸಚಿವನಿಗೆ ಸುಂಕವೇ ಸಿಹಿ.

ನೆರೆಯವರು ಬಾಗಿಲು ಹಾಕುತ್ತಾ ಬಂದಂತೆ ಮಂಗಳೂರಿನ ಆಮದುದಾರರಿಗೂ ವಿಯೆಟ್ನಾಮಿನವರಿಗೂ ಬಿಸ್ಸೌ ಇನ್ನಷ್ಟು ಬೇಕಾಗುತ್ತದೆ. 2012ರ ಕ್ರಾಂತಿ ಸರಿಯಾಗಿ ಹಂಗಾಮಿನ ಬಾಯಿಗೆ ಬಿದ್ದು, ಆ ವರ್ಷ ರಫ್ತು ಕುಸಿದು ಆರ್ಥಿಕತೆಯೇ ಕುಗ್ಗಿತ್ತು. ಈ ಸಲದ ಜನರಲ್‌ಗಳು ಬಂದದ್ದು ನವೆಂಬರ್‌ನಲ್ಲಿ, ಮರ ಇನ್ನೂ ಹೂ ಬಿಡುವ ಮೊದಲು. ಅವರು ಕೇಳಿಕೊಂಡ ಒಂದು ವರ್ಷವನ್ನು ತೋಟದ ಲೆಕ್ಕದಲ್ಲಿ ಹೇಳುವುದಾದರೆ ಸರಿಯಾಗಿ ಒಂದು ಹಂಗಾಮು: ಒಂದು ಆಧಾರ ಬೆಲೆ, ಒಂದು ಸುತ್ತಿನ ಪರವಾನಗಿ, ಸುಮಾರು 2 ಲಕ್ಷ ಟನ್ನಿನ ಸುಂಕ.